ಕಿಡ್ನಿ ಕಸಿಯ ವರದಿಯಲ್ಲಿ ಬಣ್ಣದ ಮಣಿಗಳು: ‘2,800’ ಎಂದರೆ ಹೊಂದುತ್ತದೆಯೇ, ಹೊಂದುವುದಿಲ್ಲವೇ?

ಪರಸ್ಪರ ಹೊಂದದ ದಾನಿ ಮತ್ತು ರೋಗಿಗಳ ಜೋಡಿಗಳು ಇನ್ನೊಂದು ಜೋಡಿಯೊಂದಿಗೆ ಕಿಡ್ನಿಯನ್ನು ಅದಲುಬದಲು ಮಾಡಿಕೊಳ್ಳುವ ‘ಸ್ವಾಪ್’ ಕಸಿಯನ್ನು ಎಲ್ಲ ರಾಜ್ಯಗಳಲ್ಲೂ ಜಾರಿಗೆ ತರಬೇಕೆಂದು ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆ, ಅಂದರೆ ನೊಟ್ಟೊ, 2025ರಲ್ಲಿ ರಾಜ್ಯಗಳಿಗೆ ಸೂಚಿಸಿದ ಮೇಲೆ ಈ ವಿಷಯ ಮತ್ತೆ ಸುದ್ದಿಯಲ್ಲಿದೆ. ಗಂಡನ ರಕ್ತದ ಗುಂಪು ಹೆಂಡತಿಗೆ ಹೊಂದದಿದ್ದರೆ ಅಂಥದೇ ತೊಂದರೆಯಲ್ಲಿರುವ ಮತ್ತೊಂದು ಕುಟುಂಬವನ್ನು ಹುಡುಕಬಹುದು ಎಂಬುದು ಯಾರಿಗಾದರೂ ಅರ್ಥವಾಗುವ ಮಾತು. ಗೊಂದಲ ಹುಟ್ಟುವುದು ಎರಡನೆಯ ಬಗೆಯ ಜೋಡಿಗಳಲ್ಲಿ. ಅಲ್ಲಿ ರಕ್ತದ ಗುಂಪು ಹೊಂದುತ್ತದೆ, ದಾನಿಯ ರಕ್ತಕಣಗಳ ಮೇಲೆ ರೋಗಿಯ ರಕ್ತವನ್ನು ಪರೀಕ್ಷಿಸುವ ಕ್ರಾಸ್‌ಮ್ಯಾಚ್ ವರದಿ ‘ನೆಗೆಟಿವ್’ ಎಂದಿರುತ್ತದೆ, ದಾನಿ ಸಿದ್ಧವಾಗಿರುತ್ತಾರೆ. ಆದರೂ ವೈದ್ಯರು ಮತ್ತೊಂದು ಹಾಳೆಯನ್ನು ಮುಂದಿಟ್ಟು, ‘ಡಿಎಸ್‌ಎ ಇದೆ, ಎಂಎಫ್‌ಐ 2,800 ಬಂದಿದೆ, ಯೋಚಿಸಬೇಕಾಗುತ್ತದೆ’ ಎನ್ನುತ್ತಾರೆ. ಡಿಎಸ್‌ಎ ಎಂದರೆ ಆ ದಾನಿಯ ವಿರುದ್ಧ ರೋಗಿಯ ರಕ್ತದಲ್ಲಿರುವ ಪ್ರತಿಕಾಯ, ಎಂಎಫ್‌ಐ ಎಂದರೆ ಅದನ್ನು ತೋರಿಸುವ ಹೊಳಪಿನ ಸಂಖ್ಯೆ. ಅದೇ ರಕ್ತ ಬೇರೊಂದು ಪ್ರಯೋಗಾಲಯಕ್ಕೆ ಹೋದರೆ ಅಲ್ಲಿ ಉದಾಹರಣೆಗೆ 1,900 ಎಂದು ಬಂದು, ‘ಗಮನಾರ್ಹವಲ್ಲ’ ಎಂಬ ಷರಾ ಬೀಳುವುದೂ ಸಾಧ್ಯ.

ಎರಡೂ ಪ್ರಯೋಗಾಲಯಗಳು ತಪ್ಪು ಮಾಡಿಲ್ಲ ಎಂಬುದು ಇಲ್ಲಿನ ವಿಚಿತ್ರ. ಈ ಸಂಖ್ಯೆ ಬರುವುದು ಬಣ್ಣದಿಂದ ಗುರುತು ಹಾಕಿದ ಸೂಕ್ಷ್ಮಮಣಿಗಳಿಂದ. ಯಾವ ಮಣಿ ಯಾವುದು ಎಂದು ಗುರುತಿಸುವಲ್ಲಿ ಈ ತಂತ್ರ ಬಹುಮಟ್ಟಿಗೆ ಎಡವುವುದಿಲ್ಲ. ಆದರೆ ಆ ಮಣಿಯ ಮೇಲೆ ಕಂಡ ಬೆಳಕಿನ ಪ್ರಮಾಣಕ್ಕೆ ಏನರ್ಥ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಮೊದಲನೆಯ ಕೆಲಸದ ನಿಖರತೆಯನ್ನು ಎರಡನೆಯದಕ್ಕೂ ಆರೋಪಿಸಿಬಿಟ್ಟಿರುವುದೇ ಇಂದಿನ ಗೊಂದಲದ ಮೂಲ. ಸ್ವಾಪ್ ಪಟ್ಟಿ ರಾಜ್ಯ ಮತ್ತು ರಾಷ್ಟ್ರಮಟ್ಟಕ್ಕೆ ಬೆಳೆದಾಗ ಈ ಗೊಂದಲ ಕೇವಲ ತಾಂತ್ರಿಕವಾಗಿ ಉಳಿಯುವುದಿಲ್ಲ.

ಮಣಿಯ ಹೆಸರು ಅದರ ಬಣ್ಣದಲ್ಲೇ ಇದೆ

ಒಂದು ರಕ್ತದ ಮಾದರಿಯಲ್ಲಿ ನೂರು ಬಗೆಯ ಪ್ರತಿಕಾಯಗಳನ್ನು ಹುಡುಕಬೇಕೆಂದರೆ ಹಳೆಯ ಪದ್ಧತಿಯಲ್ಲಿ ನೂರು ಗುಳಿಗಳಲ್ಲಿ ನೂರು ಪರೀಕ್ಷೆ ನಡೆಸಬೇಕಿತ್ತು. ರಕ್ತ, ರಾಸಾಯನಿಕ, ಸಮಯ ಎಲ್ಲವೂ ನೂರು ಪಟ್ಟು. ಎಲ್ಲವನ್ನೂ ಒಂದೇ ಗುಳಿಯಲ್ಲಿ ಬೆರೆಸಿದರೆ ಖರ್ಚು ಉಳಿಯುತ್ತದೆ, ಆದರೆ ಯಾವ ಉತ್ತರ ಯಾವ ಪ್ರಶ್ನೆಯದು ಎಂಬುದು ತಿಳಿಯದು. ಪ್ರತಿ ಪ್ರಶ್ನೆಯನ್ನೂ ಗುರುತು ಹಚ್ಚಬಲ್ಲ ಒಂದೊಂದು ಮಣಿಯ ಮೇಲೆ ಕೂರಿಸುವುದು ಇದಕ್ಕೆ ಕಂಡುಕೊಂಡ ಪರಿಹಾರ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ 1995ರಲ್ಲಿ ಆರಂಭವಾದ ಲುಮಿನೆಕ್ಸ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಅದು ಎಷ್ಟರಮಟ್ಟಿಗೆ ಹರಡಿತೆಂದರೆ, ಜೆರಾಕ್ಸ್ ಎಂಬ ಕಂಪನಿಯ ಹೆಸರು ನಕಲು ಪ್ರತಿಗೇ ಅಂಟಿಕೊಂಡಂತೆ, ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯನ್ನೇ ‘ಲುಮಿನೆಕ್ಸ್’ ಎಂದು ಕರೆಯುವ ರೂಢಿಯಾಗಿದೆ. 2021ರಲ್ಲಿ ಆ ಕಂಪನಿಯನ್ನು ಇಟಲಿಯ ಡಯಾಸೊರಿನ್ ಕೊಂಡುಕೊಂಡಿತು.

ಮಣಿ ಎಂದರೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಗುಂಡು. ಅದರ ಅಡ್ಡಗಲ 5.6 ಮೈಕ್ರಾನ್, ಅಂದರೆ ನಮ್ಮ ಕೆಂಪು ರಕ್ತಕಣಕ್ಕಿಂತಲೂ ತುಸು ಚಿಕ್ಕದು. ಸಾವಯವ ದ್ರಾವಕದಲ್ಲಿ ನೆನೆಸಿದಾಗ ಈ ಪ್ಲಾಸ್ಟಿಕ್ ಉಬ್ಬುತ್ತದೆ, ಆಗ ಬಣ್ಣದ ಅಣುಗಳು ಒಳಗೆ ಸೇರುತ್ತವೆ. ದ್ರಾವಕವನ್ನು ತೆಗೆದೊಡನೆ ಮಣಿ ಕುಗ್ಗಿ ಬಣ್ಣ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಬಳಸುವುದು ಎರಡು ಬಣ್ಣ: ಒಂದು ಕೆಂಪು ಬೆಳಕನ್ನೂ ಇನ್ನೊಂದು ಅದರಾಚೆಯ ಅವಕೆಂಪು ಬೆಳಕನ್ನೂ ಸೂಸುತ್ತದೆ. ಪ್ರತಿಯೊಂದನ್ನೂ ಹತ್ತು ಹಂತದ ಪ್ರಮಾಣದಲ್ಲಿ ಬೆರೆಸಿದರೆ ಹತ್ತು ಹತ್ತಲೇ ನೂರು ಬಗೆಯ ಮಣಿಗಳು ಸಿದ್ಧವಾಗುತ್ತವೆ. ಮೂರನೆಯ ಬಣ್ಣ ಸೇರಿಸಿದ ನಂತರದ ಯಂತ್ರಗಳಲ್ಲಿ ಈ ಸಂಖ್ಯೆ 500ಕ್ಕೆ ಏರಿತು. ಕ್ವಾಂಟಮ್ ಚುಕ್ಕೆಗಳೆಂಬ ಅತಿಸೂಕ್ಷ್ಮ ಹೊಳೆಯುವ ಕಣಗಳನ್ನು ಬಳಸಿದರೆ ಆರು ಬಣ್ಣ ಮತ್ತು ಹತ್ತು ಹಂತಗಳಿಂದ ಸಿದ್ಧಾಂತದಲ್ಲಿ ಹತ್ತು ಲಕ್ಷದಷ್ಟು ಗುರುತುಗಳನ್ನು ಮಾಡಬಹುದೆಂದು 2001ರಲ್ಲೇ ಸಂಶೋಧಕರು ಬರೆದಿದ್ದರು. ಆದರೆ ಕಸಿ ಪ್ರಯೋಗಾಲಯದ ಇಂದಿನ ತಕರಾರಿಗೂ ಗುರುತುಗಳ ಕೊರತೆಗೂ ಹೆಚ್ಚಿನ ಸಂಬಂಧವಿಲ್ಲ. ನೂರು ಗುರುತುಗಳಲ್ಲೇ ಬೇಕಾದಷ್ಟು ಜಗಳವಿದೆ.

ಕ್ರಾಸ್‌ಮ್ಯಾಚ್ ಸಾಲದೆ ಬಂದದ್ದೇಕೆ

ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಗುರುತಿನ ಪ್ರೋಟೀನುಗಳಿವೆ. ಆರನೆಯ ವರ್ಣತಂತುವಿನಲ್ಲಿರುವ ಜೀನ್‌ಗಳು ಇವನ್ನು ರೂಪಿಸುತ್ತವೆ. ಎ, ಬಿ, ಸಿ ಎಂಬ ಮೊದಲ ವರ್ಗ, ಡಿಆರ್, ಡಿಕ್ಯು, ಡಿಪಿ ಎಂಬ ಎರಡನೆಯ ವರ್ಗ. ಜಗತ್ತಿನಲ್ಲಿ ಈವರೆಗೆ ದಾಖಲಾಗಿರುವ ಎಚ್‌ಎಲ್‌ಎ ರೂಪಭೇದಗಳು 40,000ಕ್ಕೂ ಹೆಚ್ಚು. ಬೇರೆಯವರ ಎಚ್‌ಎಲ್‌ಎ ನಮ್ಮ ದೇಹಕ್ಕೆ ಒಮ್ಮೆ ಪರಿಚಯವಾದರೆ ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಬಹುದು. ಪರಿಚಯವಾಗುವ ದಾರಿಗಳು ಮೂರು: ರಕ್ತ ಪಡೆಯುವುದು, ಹಿಂದೆ ಆಗಿದ್ದ ಕಸಿ, ಮತ್ತು ಬಸಿರು.

ಮೂರನೆಯದು ನಮ್ಮ ಸಂದರ್ಭದಲ್ಲಿ ವಿಶೇಷ ಗಮನಕ್ಕೆ ಅರ್ಹ. ಮಗುವಿನ ಅರ್ಧದಷ್ಟು ಎಚ್‌ಎಲ್‌ಎ ತಂದೆಯಿಂದ ಬಂದಿರುತ್ತದೆ, ಆದ್ದರಿಂದ ಬಸಿರಿನಲ್ಲಿ ತಾಯಿಯ ದೇಹ ಗಂಡನ ಎಚ್‌ಎಲ್‌ಎ ವಿರುದ್ಧ ಸಜ್ಜಾಗುವ ಸಾಧ್ಯತೆ ಇದೆ. ಮುಂದೆ ಅದೇ ಮಹಿಳೆಗೆ ಕಿಡ್ನಿ ಬೇಕಾದಾಗ ಗಂಡನದಾಗಲಿ ಮಕ್ಕಳದಾಗಲಿ ಹೊಂದದೆ ಹೋಗಬಹುದು. ಭಾರತದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಮಹಿಳೆಯರು. ಅವರಿಗೇ ಕಿಡ್ನಿ ಬೇಕಾಗಿ ಬಂದಾಗ, ಕೊಡಲು ಮುಂದೆ ಬಂದ ಅಪರೂಪದ ಗಂಡನನ್ನೂ ಈ ಪ್ರತಿಕಾಯ ದೂರ ನಿಲ್ಲಿಸುತ್ತದೆ.

ದಾನಿಯ ವಿರುದ್ಧ ಪ್ರತಿಕಾಯ ಇದ್ದರೆ ಏನಾಗುತ್ತದೆಂಬುದನ್ನು ಲಾಸ್ ಏಂಜಲಿಸ್‌ನ ಪಾಲ್ ತೆರಸಾಕಿ ಮತ್ತು ಆರ್. ಪಟೇಲ್ 1969ರಲ್ಲಿ ಲೆಕ್ಕಹಾಕಿ ತೋರಿಸಿದರು. ರೋಗಿಯ ಸೀರಂ, ಅಂದರೆ ಕಣಗಳನ್ನು ಬೇರ್ಪಡಿಸಿದ ರಕ್ತದ ತಿಳಿದ್ರವ, ದಾನಿಯ ಬಿಳಿ ರಕ್ತಕಣಗಳನ್ನು ಕೊಲ್ಲುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಪಾಸಿಟಿವ್ ಆಗಿದ್ದ 30 ಕಸಿಗಳಲ್ಲಿ 24 ಕೂಡಲೇ ವಿಫಲವಾಗಿದ್ದವು. ನೆಗೆಟಿವ್ ಆಗಿದ್ದ 195ರಲ್ಲಿ ಹಾಗಾದದ್ದು 8 ಮಾತ್ರ. ಅಂದಿನಿಂದ ಕ್ರಾಸ್‌ಮ್ಯಾಚ್ ಇಲ್ಲದೆ ಕಿಡ್ನಿ ಕಸಿ ಇಲ್ಲ. ಒಂದು ಮೈಕ್ರೊಲೀಟರ್ ಸೀರಂ ಸಾಕಾಗುವಂಥ ಆ ಪರೀಕ್ಷೆಯ ರೂಪವೂ ತೆರಸಾಕಿಯವರದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರೆಂಬ ಕಾರಣಕ್ಕೆ ಕುಟುಂಬದೊಂದಿಗೆ ಬಂಧನ ಶಿಬಿರದಲ್ಲಿದ್ದ ಈ ವಿಜ್ಞಾನಿ ಮುಂದೆ 1984ರಲ್ಲಿ ಸ್ಥಾಪಿಸಿದ ಒನ್ ಲ್ಯಾಂಬ್ಡಾ ಕಂಪನಿಯೇ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಎಚ್‌ಎಲ್‌ಎ ಮಣಿಗಳ ಪ್ರಮುಖ ತಯಾರಕ.

ಕ್ರಾಸ್‌ಮ್ಯಾಚ್‌ಗೆ ಎರಡು ಮಿತಿಗಳಿವೆ. ಕಣಗಳನ್ನು ಕೊಲ್ಲಲು ಸಾಲದ ದುರ್ಬಲ ಪ್ರತಿಕಾಯ ಅದಕ್ಕೆ ಕಾಣುವುದಿಲ್ಲ. ಕಂಡಾಗಲೂ ಅದು ‘ಈ ದಾನಿ ಬೇಡ’ ಎಂದಷ್ಟೇ ಹೇಳುತ್ತದೆ, ಯಾವ ಎಚ್‌ಎಲ್‌ಎ ಕಾರಣಕ್ಕೆ ಬೇಡ ಎಂದು ಹೇಳುವುದಿಲ್ಲ. ಆದ್ದರಿಂದ ಮುಂದಿನ ದಾನಿಯ ಬಗ್ಗೆ ಮೊದಲೇ ಊಹಿಸಲು ಸಾಧ್ಯವಿಲ್ಲ. ಮಣಿಗಳು ಈ ಎರಡೂ ಕೊರತೆಗಳನ್ನು ನೀಗಿದವು. ಪ್ರತಿ ಮಣಿಗೂ ಒಂದೇ ಒಂದು ಎಚ್‌ಎಲ್‌ಎ ರೂಪವನ್ನು ಅಂಟಿಸಿದ ‘ಸಿಂಗಲ್ ಆ್ಯಂಟಿಜೆನ್’ ಪರೀಕ್ಷೆಯಲ್ಲಿ ರೋಗಿಯ ಪ್ರತಿಕಾಯಗಳ ಇಡೀ ಪಟ್ಟಿ ಒಮ್ಮೆಗೇ ಸಿಗುತ್ತದೆ. ಆ ಪಟ್ಟಿಯನ್ನು ದಾನಿಯ ಎಚ್‌ಎಲ್‌ಎ ವಿವರದ ಪಕ್ಕದಲ್ಲಿಟ್ಟು ತಾಳೆ ನೋಡಿದರೆ ರಕ್ತ ಬೆರೆಸದೆಯೇ ಹೊಂದಿಕೆ ಹೇಳಬಹುದು. ಇದಕ್ಕೆ ವರ್ಚುವಲ್ ಕ್ರಾಸ್‌ಮ್ಯಾಚ್ ಎಂದು ಹೆಸರು. ಬೇರೆ ಬೇರೆ ಊರುಗಳಲ್ಲಿರುವ ಜೋಡಿಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸುವ ಸ್ವಾಪ್ ಯೋಜನೆ ನಿಂತಿರುವುದೇ ಇದರ ಮೇಲೆ.

ಗುಳಿಯೊಳಗೆ ನಡೆಯುವುದು

96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯ ಒಂದು ಗುಳಿಗೆ 5 ಮೈಕ್ರೊಲೀಟರ್ ಮಣಿದ್ರವ, ಅದರ ಮೇಲೆ 20 ಮೈಕ್ರೊಲೀಟರ್ ಸೀರಂ ಬೀಳುತ್ತದೆ. ಬಣ್ಣ ಬೆಳಕಿಗೆ ಮಾಸುವುದರಿಂದ ತಟ್ಟೆಯನ್ನು ಮುಚ್ಚಿ ಅರ್ಧ ಗಂಟೆ ಕತ್ತಲಲ್ಲಿಡುತ್ತಾರೆ. ಆ ಅರ್ಧ ಗಂಟೆಯಲ್ಲಿ ಪ್ರತಿಕಾಯ ತನಗೆ ಹೊಂದುವ ಎಚ್‌ಎಲ್‌ಎ ಇರುವ ಮಣಿಯನ್ನು ಹುಡುಕಿ ಅಂಟಿಕೊಳ್ಳುತ್ತದೆ. ಬಳಿಕ ಮತ್ತೆ ಮತ್ತೆ ತೊಳೆದು, ಮನುಷ್ಯರ ಪ್ರತಿಕಾಯವನ್ನೇ ಹಿಡಿಯುವ ಇನ್ನೊಂದು ಪ್ರತಿಕಾಯವನ್ನು ಸೇರಿಸುತ್ತಾರೆ. ಇದಕ್ಕೆ ಫೈಕೊಎರಿತ್ರಿನ್ ಎಂಬ ಹೊಳೆಯುವ ಪ್ರೋಟೀನನ್ನು ಕಟ್ಟಿರುತ್ತದೆ. ಕಡಲಿನ ಕೆಂಪು ಪಾಚಿಗಳು ಆಳದ ಮಂದ ಬೆಳಕನ್ನು ಹಿಡಿಯಲು ಬಳಸುವ ಪ್ರೋಟೀನು ಇದು. ಕಿಡ್ನಿ ಕಸಿಯ ತೀರ್ಮಾನಕ್ಕೆ ಅದೇ ದೀಪವಾಗಿರುವುದು ಸೋಜಿಗವೇ.

ಮತ್ತೆ ಅರ್ಧ ಗಂಟೆ ಕಳೆದು ತೊಳೆದ ಮೇಲೆ ಯಂತ್ರ ಮಣಿಗಳನ್ನು ಹೀರಿ, ಸಣ್ಣ ನಾಳದಲ್ಲಿ ಒಂದರ ಹಿಂದೊಂದರಂತೆ ಸಾಲಾಗಿ ಎರಡು ಲೇಸರ್‌ಗಳ ಮುಂದೆ ಹಾಯಿಸುತ್ತದೆ. ಕೆಂಪು ಲೇಸರ್ ಮಣಿಯ ಒಳಗಿನ ಬಣ್ಣ ಓದಿ ‘ಇದು 37ನೆಯ ಮಣಿ’ ಎಂದು ಗುರುತಿಸುತ್ತದೆ. ಹಸಿರು ಲೇಸರ್ ಮಣಿಯ ಹೊರಮೈಯಲ್ಲಿ ಪಾಚಿಯ ಪ್ರೋಟೀನು ಎಷ್ಟು ಹೊಳೆಯಿತೆಂದು ಅಳೆಯುತ್ತದೆ. ಒಂದೊಂದು ಬಗೆಯ ಹತ್ತಾರು ಮಣಿಗಳನ್ನು ಹೀಗೆ ಓದಿ, ಅವುಗಳ ಹೊಳಪನ್ನು ಏರಿಕೆಯ ಕ್ರಮದಲ್ಲಿಟ್ಟು ನಟ್ಟನಡುವಿನ ಬೆಲೆಯನ್ನು ತೆಗೆದುಕೊಳ್ಳುತ್ತಾರೆ. ಸರಾಸರಿ ತೆಗೆದರೆ ಅಂಟಿಕೊಂಡ ಎರಡು ಮಣಿಗಳು ಅಥವಾ ಕಸ ಹತ್ತಿದ ಒಂದು ಮಣಿ ಲೆಕ್ಕ ಕೆಡಿಸುತ್ತದೆ, ಅದಕ್ಕೇ ನಡುಬೆಲೆ. ಈ ನಡುಬೆಲೆಯೇ ಎಂಎಫ್‌ಐ. ವರದಿಯಲ್ಲಿ ಕಾಣುವ 2,800 ಅದೇ.

ಊರಿಗೊಂದು ಸೇರು

ರಕ್ತದ ಸಕ್ಕರೆ 180 ಎಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ 180 ಮಿಲಿಗ್ರಾಂ ಗ್ಲೂಕೋಸ್ ಎಂದರ್ಥ. ಎಂಎಫ್‌ಐ 2,800ರ ಮುಂದೆ ಯಾವ ಅಳತೆಯ ಮಾನವೂ ಇಲ್ಲ. ಅದು ಮಿಲಿಗ್ರಾಂ ಅಲ್ಲ, ಪ್ರತಿಕಾಯಗಳ ಎಣಿಕೆಯೂ ಅಲ್ಲ. ಆ ಯಂತ್ರ, ಆ ದಿನ, ಆ ಕಿಟ್‌ನ ಮಣಿಗಳ ಮೇಲೆ ಕಂಡ ಹೊಳಪು. ಮೆಟ್ರಿಕ್ ಪದ್ಧತಿ ಬರುವ ಮುಂಚೆ ಊರಿಗೊಂದು ಸೇರು ಇದ್ದಂತೆ. ಒಂದೇ ಸೀರಂ ಎರಡು ಪ್ರಯೋಗಾಲಯಗಳಲ್ಲಿ ಶೇ 20–30ರಷ್ಟು ಹೆಚ್ಚುಕಡಿಮೆ ತೋರಿಸುವುದು ಅಸಾಮಾನ್ಯವೇನಲ್ಲ. ಇದೇ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಿಟ್‌ಗಳಿಗೆ ಒಪ್ಪಿಗೆ ಕೊಟ್ಟಿರುವುದು ‘ಇದೆ’ ಅಥವಾ ‘ಇಲ್ಲ’ ಎಂದು ಹೇಳುವ ಗುಣಾತ್ಮಕ ಪರೀಕ್ಷೆಯಾಗಿ ಮಾತ್ರ. ಪ್ರಮಾಣ ಹೇಳುವ ಪರೀಕ್ಷೆಯಾಗಿ ಅದನ್ನು ಬಳಸುತ್ತಿರುವುದು ಆಸ್ಪತ್ರೆಗಳ ರೂಢಿ.

ಸಂಖ್ಯೆ ಹೆಚ್ಚುಕಡಿಮೆಯಾಗುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅದು ಕೆಲವೊಮ್ಮೆ ತಿರುಗುಮುರುಗಾಗಿಯೂ ಬರುತ್ತದೆ. ಪ್ರತಿಕಾಯ ಬಹಳ ಪ್ರಬಲವಾಗಿದ್ದಾಗ ಸೀರಂನಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಗುಂಪು ಅದರ ಮೇಲೆ ಬಂದು ಕೂರುತ್ತದೆ. ಆಗ ಹೊಳೆಯುವ ಪ್ರತಿಕಾಯಕ್ಕೆ ಅಂಟಲು ಜಾಗವೇ ಸಿಗುವುದಿಲ್ಲ. ಪರಿಣಾಮವಾಗಿ ಅತ್ಯಂತ ಅಪಾಯದ ಪ್ರತಿಕಾಯ 800 ಎಂದೋ 1,200 ಎಂದೋ ತೋರಿ ‘ಸುರಕ್ಷಿತ’ ಎಂಬ ಪಟ್ಟಿಗೆ ಸೇರಿಬಿಡಬಹುದು. ಪ್ರಯೋಗಾಲಯದವರು ಇದನ್ನು ಪ್ರೊಜೋನ್ ಎನ್ನುತ್ತಾರೆ. ಪರಿಹಾರ ಸುಲಭವಾಗಿಯೇ ಇದೆ. ಕಾಂಪ್ಲಿಮೆಂಟ್‌ನ ಮೊದಲ ಘಟಕ ಒಟ್ಟಾಗಿ ನಿಲ್ಲಲು ಕ್ಯಾಲ್ಸಿಯಂ ಬೇಕು. ಸೀರಂಗೆ ಇಡಿಟಿಎ ಎಂಬ ರಾಸಾಯನಿಕ ಬೆರೆಸಿದರೆ ಅದು ಕ್ಯಾಲ್ಸಿಯಂ ಅನ್ನು ಕಸಿದುಕೊಳ್ಳುತ್ತದೆ, ಅಡ್ಡಿ ಕಳಚಿ ಬೀಳುತ್ತದೆ, ನಿಜವಾದ ಹೊಳಪು ಹೊರಬರುತ್ತದೆ. ಸೀರಂ ಅನ್ನು ತೆಳುಗೊಳಿಸಿ ಮತ್ತೆ ಓದುವುದೂ ಒಂದು ದಾರಿ. ಆದರೆ ಓದುತ್ತಿರುವ ವರದಿಯಲ್ಲಿ ಈ ಕ್ರಮ ಪಾಲಿಸಲಾಗಿದೆಯೋ ಇಲ್ಲವೋ ಎಂದು ಬರೆದಿರದಿದ್ದರೆ ಆ 1,200ನ್ನು ನಂಬುವುದು ಹೇಗೆ?

ಇದಕ್ಕೆ ವಿರುದ್ಧವಾದ ದೋಷವೂ ಇದೆ, ಅಲ್ಲಿ ಇಲ್ಲದ ಅಪಾಯ ಕಾಣುತ್ತದೆ. ಮೊದಲ ವರ್ಗದ ಎಚ್‌ಎಲ್‌ಎ ಎರಡು ಸರಪಳಿ ಮತ್ತು ಒಂದು ಪೆಪ್ಟೈಡ್ ತುಣುಕು ಕೂಡಿ ಮಡಚಿಕೊಂಡ ರಚನೆ. ಮಣಿಗೆ ಅಂಟಿಸುವಾಗ ಕೆಲವು ಅಣುಗಳು ಬಿಚ್ಚಿಕೊಂಡು, ಜೀವಂತ ಕೋಶದಲ್ಲಿ ಒಳಗೆ ಮುಚ್ಚಿರುವ ಭಾಗ ಹೊರಗೆ ಕಾಣುತ್ತದೆ. ಅಂಥ ಭಾಗಕ್ಕೆ ಅಂಟುವ ಪ್ರತಿಕಾಯಗಳು ಅನೇಕರಲ್ಲಿ ಸಹಜವಾಗಿಯೇ ಇರುತ್ತವೆ. ತೆರಸಾಕಿಯವರೂ ಸಹಲೇಖಕರಾಗಿದ್ದ 2008ರ ಅಧ್ಯಯನವೊಂದರಲ್ಲಿ 424 ಆರೋಗ್ಯವಂತ ಪುರುಷರನ್ನು ಈ ಮಣಿಗಳಿಂದ ಪರೀಕ್ಷಿಸಿದಾಗ ಶೇ 63 ಮಂದಿಯಲ್ಲಿ ಎಚ್‌ಎಲ್‌ಎ ಪ್ರತಿಕಾಯ ಕಂಡಿತು. ಬಸಿರಿನ ಪ್ರಶ್ನೆಯೇ ಇಲ್ಲದ ಗಂಡಸರಲ್ಲಿ ಇಷ್ಟು ಕಂಡಿತೆಂದರೆ ಮಣಿ ತೋರಿಸುವುದೆಲ್ಲ ಕಿಡ್ನಿಗೆ ಮುಳುವಾಗುವ ಪ್ರತಿಕಾಯವಲ್ಲ ಎಂದೇ ತಿಳಿಯಬೇಕು.

ಮತ್ತೊಂದು ತೊಡಕು ಲೆಕ್ಕದ್ದು. ಬಿಡಬ್ಲ್ಯು4 ಎಂಬ ಗುರುತು ಬಿ ಗುಂಪಿನ ಹಲವು ಎಚ್‌ಎಲ್‌ಎಗಳಲ್ಲೂ ಎ ಗುಂಪಿನ ಕೆಲವಲ್ಲೂ ಸಮಾನವಾಗಿದೆ. ರೋಗಿಯ ಪ್ರತಿಕಾಯ ಆ ಗುರುತನ್ನೇ ಹುಡುಕುವುದಾದರೆ ಅದು ಅಂಥ ಎಲ್ಲ ಮಣಿಗಳಿಗೂ ಹಂಚಿಹೋಗುತ್ತದೆ. ಒಂದೊಂದು ಮಣಿಯ ಪಾಲಿಗೆ ಸಿಗುವುದು ಸ್ವಲ್ಪ, ಹೀಗಾಗಿ ‘ಇದಕ್ಕಿಂತ ಹೆಚ್ಚಾದರೆ ಅಪಾಯ’ ಎಂದು ಪ್ರಯೋಗಾಲಯ ಎಳೆದುಕೊಂಡ ಗೆರೆಯನ್ನು ಯಾವ ಮಣಿಯೂ ದಾಟುವುದಿಲ್ಲ. ಆದರೆ ಕಸಿಯಾದ ಕಿಡ್ನಿಯಲ್ಲಿ ಹಂಚಿಕೊಳ್ಳಲು ಬೇರೆ ಮಣಿಗಳಿರುವುದಿಲ್ಲ, ಪೂರ್ತಿ ಪ್ರತಿಕಾಯ ಅದೊಂದರ ಮೇಲೇ ಬೀಳುತ್ತದೆ. ಆದ್ದರಿಂದ ಅನುಭವಿ ತಜ್ಞರು ಒಂದೇ ಸಂಖ್ಯೆಯನ್ನು ನೋಡುವುದಿಲ್ಲ, ಯಾವ ಯಾವ ಮಣಿಗಳು ಒಟ್ಟಿಗೆ ಏರಿವೆ ಎಂಬ ವಿನ್ಯಾಸ ನೋಡುತ್ತಾರೆ. ಆ ಓದುವಿಕೆಯನ್ನು ಯಂತ್ರ ಮಾಡಿಕೊಡುವುದಿಲ್ಲ.

ಒಂದೇ ಹೆಸರಿನ ಎರಡು ಪರೀಕ್ಷೆ

ಇಲ್ಲೊಂದು ಎಚ್ಚರಿಕೆ ಅಗತ್ಯ. ನಮ್ಮಲ್ಲಿ ‘ಲುಮಿನೆಕ್ಸ್ ಕ್ರಾಸ್‌ಮ್ಯಾಚ್’ ಎಂಬ ಇನ್ನೊಂದು ಪರೀಕ್ಷೆಯೂ ಚಾಲ್ತಿಯಲ್ಲಿದೆ. ಅದರಲ್ಲಿ ನೂರು ಎಚ್‌ಎಲ್‌ಎಗಳ ಮಣಿಗಳಿಲ್ಲ. ದಾನಿಯ ಬಿಳಿ ರಕ್ತಕಣಗಳನ್ನು ಒಡೆದು, ಹೊರಬಂದ ಎಚ್‌ಎಲ್‌ಎಯನ್ನು ಒಂದೆರಡು ಬಗೆಯ ಮಣಿಗಳಿಗೆ ಹಿಡಿಸಿ, ಅದರ ಮೇಲೆ ರೋಗಿಯ ಸೀರಂ ಹಾಯಿಸುತ್ತಾರೆ. ಇದಕ್ಕೆ ಖರ್ಚು ಕಡಿಮೆ, ದಾನಿಯದೇ ಎಚ್‌ಎಲ್‌ಎ ಎಂಬ ಅನುಕೂಲವೂ ಇದೆ. ಆದರೆ ಎರಡನೆಯ ವರ್ಗದ ಪ್ರತಿಕಾಯಗಳನ್ನು ಹಿಡಿಯುವುದರಲ್ಲಿ ಇದು ದುರ್ಬಲ. ಪಾಸಿಟಿವ್ ಬಂದರೆ ಕಾರಣ ಯಾವ ಎಚ್‌ಎಲ್‌ಎ ಎಂದೂ ಹೇಳುವುದಿಲ್ಲ. ಒಂದು ವರದಿಯಲ್ಲಿ ‘ಲುಮಿನೆಕ್ಸ್ ನೆಗೆಟಿವ್’, ಇನ್ನೊಂದರಲ್ಲಿ ‘ಲುಮಿನೆಕ್ಸ್ ಪಾಸಿಟಿವ್’ ಎಂದು ಬಂದಾಗ ಮೊದಲು ನೋಡಬೇಕಾದದ್ದು ಎರಡೂ ಒಂದೇ ಪರೀಕ್ಷೆಯೇ ಎಂಬುದನ್ನು.

ಮುಂದುವರಿಯಬೇಕೆನ್ನುವವರು, ತಡೆಯಬೇಕೆನ್ನುವವರು

ಮಣಿಯ ಎಚ್ಚರಿಕೆಯನ್ನು ಗಂಭೀರವಾಗಿ ಪರಿಗಣಿಸಬೇಕೆನ್ನುವವರ ಬಳಿ ಗಟ್ಟಿಯಾದ ಆಧಾರವಿದೆ. ಕ್ರಾಸ್‌ಮ್ಯಾಚ್ ನೆಗೆಟಿವ್ ಇದ್ದ 402 ಮಂದಿಯನ್ನು ಅನುಸರಿಸಿ ಪ್ಯಾರಿಸ್‌ನ ತಂಡವೊಂದು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಾನಿಯ ವಿರುದ್ಧ ಪ್ರತಿಕಾಯ ಮಣಿಯಲ್ಲಿ ಕಂಡಿದ್ದವರಲ್ಲಿ ಎಂಟು ವರ್ಷಗಳ ನಂತರ ಕೆಲಸ ಮಾಡುತ್ತಿದ್ದ ಕಿಡ್ನಿಗಳು ಶೇ 61. ಬೇರೆ ಎಚ್‌ಎಲ್‌ಎಗಳ ವಿರುದ್ಧ ಪ್ರತಿಕಾಯವಿದ್ದರೂ ದಾನಿಯ ವಿರುದ್ಧ ಇಲ್ಲದವರಲ್ಲಿ ಅದು ಶೇ 93. ಎಂಎಫ್‌ಐ 6,000 ಮೀರಿದ್ದವರಿಗೆ ಪ್ರತಿಕಾಯದಿಂದಾಗುವ ತಿರಸ್ಕಾರದ ಅಪಾಯ, 465ಕ್ಕಿಂತ ಕೆಳಗಿದ್ದವರಿಗೆ ಹೋಲಿಸಿದರೆ ನೂರು ಪಟ್ಟಿಗೂ ಹೆಚ್ಚು. ಕ್ರಾಸ್‌ಮ್ಯಾಚ್‌ಗೆ ಕಾಣದ ಶತ್ರು ಮಣಿಗೆ ಕಂಡಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಆದರೆ ಅದೇ ಅಂಕಿಯನ್ನು ತಿರುಗಿಸಿ ಓದಿದರೆ, ಮಣಿ ‘ಬೇಡ’ ಎಂದಿದ್ದರೂ ನೂರರಲ್ಲಿ 61 ಕಿಡ್ನಿಗಳು ಎಂಟು ವರ್ಷ ಬಾಳಿವೆ. ಹಾಗಾದರೆ ಯಾವ ಪ್ರತಿಕಾಯ ಕೆಡುಕಿನದು? ಕಾಂಪ್ಲಿಮೆಂಟ್‌ನ ಮೊದಲ ಘಟಕವಾದ ಸಿ1ಕ್ಯು ಅನ್ನು ಹಿಡಿಯಬಲ್ಲ ಪ್ರತಿಕಾಯವೇ ಹೆಚ್ಚು ಅಪಾಯಕಾರಿ ಎಂಬ ವಾದಕ್ಕೆ 2013ರ ಇನ್ನೊಂದು ಫ್ರೆಂಚ್ ಅಧ್ಯಯನ ಬಲ ಕೊಟ್ಟಿತು. ಕಸಿಯ ನಂತರ ಅಂಥ ಪ್ರತಿಕಾಯವಿದ್ದವರಲ್ಲಿ ಐದು ವರ್ಷಕ್ಕೆ ಉಳಿದ ಕಿಡ್ನಿಗಳು ಶೇ 54, ಸಿ1ಕ್ಯು ಹಿಡಿಯದ ಪ್ರತಿಕಾಯವಿದ್ದವರಲ್ಲಿ ಶೇ 93. ಇದನ್ನು ಒಪ್ಪದವರ ಆಕ್ಷೇಪ ಹೀಗಿದೆ: ಸಿ1ಕ್ಯು ಹಿಡಿಯುವುದು ಬಹುಪಾಲು ಪ್ರಮಾಣ ಹೆಚ್ಚಿರುವ ಪ್ರತಿಕಾಯವೇ, ಆದ್ದರಿಂದ ಇದು ಹೊಸ ಗುಣವೇನಲ್ಲ, ಹಳೆಯ ಪ್ರಮಾಣವನ್ನೇ ಇನ್ನೊಂದು ರೀತಿಯಲ್ಲಿ ಅಳೆದಂತೆ.

ತಡೆಯುವುದಕ್ಕೂ ಬೆಲೆಯಿದೆ ಎಂಬುದು ಮತ್ತೊಂದು ಪಕ್ಷ. ಪ್ರತಿಕಾಯ ತೆಗೆದುಹಾಕುವ ಚಿಕಿತ್ಸೆ ಕೊಟ್ಟು ಕಸಿ ಮಾಡಿದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ 211 ರೋಗಿಗಳಲ್ಲಿ ಎಂಟು ವರ್ಷ ಬದುಕುಳಿದವರು ಶೇ 80.6 ಎಂದೂ, ಅವರಂಥದೇ ಸ್ಥಿತಿಯಲ್ಲಿದ್ದು ಡಯಾಲಿಸಿಸ್‌ನಲ್ಲೇ ಉಳಿದವರಲ್ಲಿ ಅದು ಶೇ 30.5 ಎಂದೂ 2011ರಲ್ಲಿ ವರದಿಯಾಯಿತು. ಆರು ವರ್ಷಗಳ ನಂತರ ಬ್ರಿಟನ್ನಿನಲ್ಲಿ ನಡೆದ ಅಂಥದೇ ಹೋಲಿಕೆಯಲ್ಲಿ ಬದುಕುಳಿಯುವಿಕೆಯಲ್ಲಿ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ. ಕಾದು ಕುಳಿತವರ ಸ್ಥಿತಿ ಎರಡು ದೇಶಗಳಲ್ಲಿ ಒಂದೇ ರೀತಿ ಇರದಿದ್ದುದು ಈ ಅಂತರಕ್ಕೆ ಒಂದು ಮುಖ್ಯ ಕಾರಣವಿರಬೇಕು. ಅಂದರೆ 2,800 ಎಂಬ ಸಂಖ್ಯೆ ಎಷ್ಟು ಅಪಾಯದ್ದು ಎಂಬುದು ಮಣಿಯೊಂದರಿಂದ ತೀರ್ಮಾನವಾಗುವುದಿಲ್ಲ. ಕಸಿಯಾಗದಿದ್ದರೆ ಆ ರೋಗಿಗೆ ಸಿಗುವ ಡಯಾಲಿಸಿಸ್ ಎಂಥದು, ವಾರಕ್ಕೆ ಎಷ್ಟು ಬಾರಿ, ಎಷ್ಟು ದೂರದಲ್ಲಿ ಎಂಬುದೂ ಆ ತಕ್ಕಡಿಯಲ್ಲೇ ಕೂರಬೇಕು. ವಾರಕ್ಕೆ ಮೂರು ಬಾರಿ ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಬೇಕಾದ ರೋಗಿಗೆ ವಿದೇಶದ ಗೆರೆಯನ್ನು ಹಾಗೆಯೇ ಎಳೆಯುವುದು ಸರಿಯಾಗಲಾರದು ಎಂದು ಈ ಲೇಖಕರ ಅಭಿಪ್ರಾಯ.

ಗೆರೆ ಎಳೆದವರ ಅನುಭವ

ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದಕ್ಕೆ ಜಾಗತಿಕ ಒಪ್ಪಂದವಿಲ್ಲ. 1,000 ಎನ್ನುವವರಿದ್ದಾರೆ, 2,000 ಎನ್ನುವವರಿದ್ದಾರೆ, 5,000ದವರೆಗೂ ಹೋಗುವವರಿದ್ದಾರೆ. ಅಮೆರಿಕದಲ್ಲಿ ಪ್ರತಿ ಕಸಿ ಕೇಂದ್ರವೂ ತನ್ನ ರೋಗಿಗೆ ಯಾವ ಎಚ್‌ಎಲ್‌ಎಗಳು ಒಪ್ಪಿಗೆಯಿಲ್ಲ ಎಂದು ತಾನೇ ಪಟ್ಟಿ ಮಾಡುತ್ತದೆ. ಅದರಿಂದ ದೇಶದ ದಾನಿಗಳಲ್ಲಿ ಶೇಕಡಾ ಎಷ್ಟು ಮಂದಿ ಆ ರೋಗಿಗೆ ಹೊಂದುವುದಿಲ್ಲ ಎಂಬ ಸಿಪಿಆರ್‌ಎ ಲೆಕ್ಕ ಬರುತ್ತದೆ. 2014ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಹಂಚಿಕೆ ಪದ್ಧತಿಯಲ್ಲಿ ಸಿಪಿಆರ್‌ಎ 98 ಇದ್ದವರಿಗೆ 24.40 ಅಂಕ, 99 ಇದ್ದವರಿಗೆ 50.09, 100 ಇದ್ದವರಿಗೆ 202.10 ಅಂಕ ನಿಗದಿಯಾಯಿತು; ಒಂದು ವರ್ಷ ಕಾದದ್ದಕ್ಕೆ ಸಿಗುವುದು ಒಂದೇ ಅಂಕ. ಗೆರೆಯನ್ನು ಕೊಂಚ ಕೆಳಗೆಳೆದರೆ ಪಟ್ಟಿ ಉದ್ದವಾಗಿ ಅಂಕ ಏರುತ್ತದೆ, ಅದೇ ಹೊತ್ತಿಗೆ ಹೊಂದುವ ದಾನಿಗಳು ಕಡಿಮೆಯಾಗುತ್ತಾರೆ. ಅಳತೆಯ ಮಾನವಿಲ್ಲದ ಒಂದು ಸಂಖ್ಯೆ ಸರದಿಯ ಸ್ಥಾನವನ್ನೇ ನಿರ್ಧರಿಸುವ ಮಟ್ಟಕ್ಕೆ ಬಂದದ್ದು ಹೀಗೆ.

ಯುರೋಪಿನ ಹಲವು ದೇಶಗಳ ನಡುವೆ ಅಂಗಾಂಗ ಹಂಚುವ ಯುರೋಟ್ರಾನ್ಸ್‌ಪ್ಲಾಂಟ್ ಸಂಸ್ಥೆ ನೆದರ್ಲೆಂಡ್ಸ್‌ನ ಲೈಡನ್‌ನಿಂದ 1989ರಿಂದ ನಡೆಸುತ್ತಿರುವ ಕಾರ್ಯಕ್ರಮ ಪ್ರಶ್ನೆಯನ್ನೇ ತಿರುಗಿಸಿತು. ರೋಗಿಗೆ ಯಾವುದು ಆಗದು ಎಂದು ಹುಡುಕುವ ಬದಲು, ಯಾವ ಎಚ್‌ಎಲ್‌ಎ ವಿರುದ್ಧ ಪ್ರತಿಕಾಯ ಖಂಡಿತ ಇಲ್ಲ ಎಂಬುದನ್ನು ಖಚಿತಪಡಿಸಿಕೊಂಡು ಅಂಥ ದಾನಿಯನ್ನು ಹುಡುಕುತ್ತಾರೆ. ಮಣಿಯ ದೌರ್ಬಲ್ಯವಿರುವುದು ಮಧ್ಯದ ಸಂಖ್ಯೆಗಳಲ್ಲಿ. ಸ್ಪಷ್ಟವಾದ ‘ಇಲ್ಲ’ ಮೇಲೆ ಲೆಕ್ಕ ಕಟ್ಟುವುದರಿಂದ ಆ ಮಧ್ಯದ ಜೌಗನ್ನು ಸುತ್ತುಹಾಕಿ ಹೋದಂತಾಗುತ್ತದೆ.

ನಮ್ಮ ಸ್ವಾಪ್ ಪಟ್ಟಿಗೆ ಇದರ ಪರಿಣಾಮ

ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಬಂದ ತಿದ್ದುಪಡಿ ಸ್ವಾಪ್‌ಗೆ ಅವಕಾಶ ಕೊಟ್ಟದ್ದು ಒಂದು ಷರತ್ತಿನ ಮೇಲೆ: ದಾನಿ ತನ್ನ ರೋಗಿಗೆ ಹತ್ತಿರದ ಸಂಬಂಧಿಯಾಗಿರಬೇಕು, ಆದರೆ ಜೈವಿಕವಾಗಿ ಹೊಂದದಿರಬೇಕು. ರಕ್ತದ ಗುಂಪಿನ ವಿಷಯದಲ್ಲಿ ‘ಜೈವಿಕವಾಗಿ ಹೊಂದದ’ ಎಂಬುದಕ್ಕೆ ವ್ಯಾಖ್ಯಾನ ಬೇಕಿಲ್ಲ. ಪ್ರತಿಕಾಯದ ವಿಷಯದಲ್ಲಿ ಬೇಕು. ಕ್ರಾಸ್‌ಮ್ಯಾಚ್ ನೆಗೆಟಿವ್ ಇದ್ದು ಮಣಿಯಲ್ಲಿ 2,800 ಬಂದ ಜೋಡಿ ಹೊಂದುತ್ತದೆಯೇ, ಇಲ್ಲವೇ? ಹೊಂದುವುದಿಲ್ಲವೆಂದರೆ ಸ್ವಾಪ್ ಪಟ್ಟಿಯ ಬಾಗಿಲು ತೆರೆಯುತ್ತದೆ, ಹೊಂದುತ್ತದೆಂದರೆ ಮುಚ್ಚುತ್ತದೆ. ಕಾಯ್ದೆ ಸಂಖ್ಯೆ ಹೇಳಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹಾಗಾಗಿ ಉತ್ತರ ಪ್ರಯೋಗಾಲಯದ ಷರಾದಲ್ಲಿ ಉಳಿದಿದೆ.

ಒಂದೇ ಆಸ್ಪತ್ರೆಯೊಳಗೆ ನಡೆಯುವ ಸ್ವಾಪ್‌ನಲ್ಲಿ ಇದು ದೊಡ್ಡ ತೊಂದರೆಯಲ್ಲ, ಎಲ್ಲ ಸೀರಂಗಳೂ ಒಂದೇ ಯಂತ್ರದಲ್ಲಿ ಓದಲ್ಪಡುತ್ತವೆ. ಆದರೆ ಹೆಚ್ಚು ಪ್ರತಿಕಾಯವಿರುವವರಿಗೆ ಅಷ್ಟು ಚಿಕ್ಕ ಪಟ್ಟಿಯಲ್ಲಿ ಜೋಡಿ ಸಿಗುವುದಿಲ್ಲ. ಸಿಪಿಆರ್‌ಎ 90 ಎಂದರೆ ಹತ್ತು ದಾನಿಗಳಲ್ಲಿ ಒಬ್ಬರು ಮಾತ್ರ ಹೊಂದಬಹುದು, ಆ ಒಬ್ಬರ ರಕ್ತದ ಗುಂಪೂ ಸರಿಹೋಗಬೇಕು, ಅವರ ರೋಗಿಗೆ ಈ ಕಡೆಯ ದಾನಿಯೂ ಹೊಂದಬೇಕು. ಅಂಥವರಿಗೇ ದೊಡ್ಡ ಪಟ್ಟಿ ಬೇಕು, ದೊಡ್ಡ ಪಟ್ಟಿಯಾದಷ್ಟೂ ಬೇರೆ ಬೇರೆ ಪ್ರಯೋಗಾಲಯಗಳ ಸಂಖ್ಯೆಗಳು ಒಂದರ ಪಕ್ಕ ಒಂದು ಬಂದು ಕೂರುತ್ತವೆ. ಬೆಂಗಳೂರಿನ ಒಂದು ಪ್ರಯೋಗಾಲಯ 2,000ಕ್ಕೆ ಗೆರೆ ಎಳೆದು, ದೆಹಲಿಯದೊಂದು 1,000ಕ್ಕೆ ಎಳೆದಿದ್ದರೆ ಕಂಪ್ಯೂಟರ್ ಹೊಂದಿಸಿದ ಜೋಡಿ ಕೊನೆಯ ಕ್ರಾಸ್‌ಮ್ಯಾಚ್‌ನಲ್ಲಿ ಮುರಿದುಬೀಳಬಹುದು. ಸ್ವಾಪ್‌ನಲ್ಲಿ ಒಂದು ಕೊಂಡಿ ಕಳಚಿದರೆ ಒಬ್ಬರಲ್ಲ, ಆ ಸರಪಳಿಯಲ್ಲಿರುವ ಎಲ್ಲ ಕುಟುಂಬಗಳೂ ಮತ್ತೆ ಮೊದಲ ಸ್ಥಾನಕ್ಕೆ ಮರಳುತ್ತವೆ. ಕರ್ನಾಟಕದಲ್ಲಿ ಅಂಗಾಂಗ ಹಂಚಿಕೆಯನ್ನು ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಗೂ ಇತರ ರಾಜ್ಯಗಳ ಅಂಥ ಸಂಸ್ಥೆಗಳಿಗೂ ಮುಂದಿರುವ ಕೆಲಸದಲ್ಲಿ ಇದು ಕಣ್ಣಿಗೆ ಕಾಣದ ಭಾಗ.

ದಾನಿಯ ಕಡೆಯ ವಿವರವೂ ಅಷ್ಟೇ ಮುಖ್ಯ. ರೋಗಿಯ ಸೀರಂ ಡಿಕ್ಯು ಮಣಿಗಳ ಮೇಲೆ ಹೊಳೆದಿದ್ದು, ದಾನಿಗೆ ಎ, ಬಿ, ಡಿಆರ್ ಮೂರನ್ನು ಮಾತ್ರ ಪರೀಕ್ಷಿಸಿದ್ದರೆ ತಾಳೆ ನೋಡಲು ಇನ್ನೊಂದು ಪಕ್ಕವೇ ಇಲ್ಲ. ಅಮೆರಿಕವೇ ಸಿಪಿಆರ್‌ಎ ಲೆಕ್ಕಕ್ಕೆ ಎಲ್ಲ ಎಚ್‌ಎಲ್‌ಎ ಜೀನ್‌ಗಳನ್ನೂ ಸೇರಿಸಿಕೊಂಡದ್ದು 2023ರಲ್ಲಿ. ಜೊತೆಗೆ, ಒಂದು ಕಿಟ್‌ನಲ್ಲಿ ಒಂದೊಂದು ವರ್ಗಕ್ಕೆ ಇರುವುದು ಸುಮಾರು ನೂರು ಮಣಿಗಳು. ದಾನಿಯ ಎಚ್‌ಎಲ್‌ಎ ರೂಪ ಆ ನೂರರಲ್ಲಿ ಇಲ್ಲದಿದ್ದರೆ ಅದಕ್ಕೆ ಹತ್ತಿರದ ಇನ್ನೊಂದು ರೂಪವನ್ನು ನೋಡಿ ಊಹಿಸಬೇಕಾಗುತ್ತದೆ. ನಮ್ಮ ಜನರಲ್ಲಿ ಸಾಮಾನ್ಯವಾಗಿರುವ ರೂಪಗಳು ಆ ನೂರರಲ್ಲಿ ಎಷ್ಟಿವೆ ಎಂಬುದನ್ನು ಕಿಟ್ ಕೊಳ್ಳುವ ಮುನ್ನವೇ ಕೇಳಬೇಕಾದ ಪ್ರಶ್ನೆ.

ಈ ಸಮಸ್ಯೆಗಳಲ್ಲಿ ಬಹುಪಾಲು ಹೊಸ ಯಂತ್ರ ಕೊಳ್ಳದೆಯೇ ಬಗೆಹರಿಯುವಂಥವು. ಪಟ್ಟಿಗೆ ಸೇರುವ ಎಲ್ಲ ಪ್ರಯೋಗಾಲಯಗಳಿಗೂ ಒಂದೇ ಸೀರಂ ಕಳಿಸಿ, ಯಾರ ಸಂಖ್ಯೆ ಎಷ್ಟು ಸರಿಯುತ್ತದೆಂದು ಮೊದಲೇ ತಿಳಿದುಕೊಳ್ಳಬಹುದು. ವರದಿಯಲ್ಲಿ ಎಂಎಫ್‌ಐ ಜೊತೆಗೆ ಯಾವ ಕಂಪನಿಯ ಕಿಟ್, ಸೀರಂಗೆ ಇಡಿಟಿಎ ಬೆರೆಸಿತ್ತೇ, ತೆಳುಗೊಳಿಸಿ ನೋಡಿತ್ತೇ, ಗೆರೆ ಎಷ್ಟಕ್ಕೆ ಎಳೆದದ್ದು ಎಂಬ ನಾಲ್ಕು ಸಾಲುಗಳನ್ನು ಕಡ್ಡಾಯ ಮಾಡಬಹುದು. ಐದನೆಯ ಸಾಲು ಸೀರಂ ತೆಗೆದ ದಿನಾಂಕ. ಪ್ರತಿಕಾಯಗಳು ಒಂದೇ ಮಟ್ಟದಲ್ಲಿ ಉಳಿಯುವುದಿಲ್ಲ. ಪಟ್ಟಿಗೆ ಹೆಸರು ಸೇರಿದ ತಿಂಗಳ ನಂತರ ಡಯಾಲಿಸಿಸ್ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಇಳಿಯಿತೆಂದು ಒಂದು ಬಾಟಲಿ ರಕ್ತ ಕೊಟ್ಟರೆ, ಎರಡು ಮೂರು ವಾರಗಳಲ್ಲಿ ಆ ರೋಗಿಯ ಮಣಿಗಳ ಪಟ್ಟಿಯೇ ಬೇರೆಯಾಗಿರಬಹುದು, ಮತ್ತು ರಕ್ತ ಕೊಟ್ಟ ಕೇಂದ್ರಕ್ಕೂ ಪಟ್ಟಿ ಇಟ್ಟುಕೊಂಡಿರುವ ಸಂಸ್ಥೆಗೂ ನಡುವೆ ಆ ಸುದ್ದಿ ಮುಟ್ಟಿಸುವವರು ಸದ್ಯಕ್ಕೆ ರೋಗಿಯ ಮನೆಯವರೇ.